ಸಾವಕಾಶ ನೋಡ್ರಿ, ನಾ ಲೈನ್‌ನ್ಯಾಗ ಇರ್ತೇನಿ

ನಮ್ಮ ಕಚೇರಿಯ ಸೂಚನಾ ಫಲಕದ ಮೇಲೆ ಅವರ ಫೋಟೋ ಅಂಟಿಸಿ, ಕೆಳಗೆ ಹಿಂದಿಯಲ್ಲಿ ನಾಲ್ಕು ಸಾಲು ಬರೆದಿದ್ದರು. ಕರ್ತವ್ಯನಿಷ್ಠ, ಸರಳ, ಮೃದುಭಾಷಿ. ಮೊದಲೆರಡನ್ನು ಹೇಗೋ ಒಪ್ಪಿಕೊಳ್ಳಬಹುದಿತ್ತು. ಮೃದುಭಾಷಿ ಅನ್ನುವುದನ್ನು ಓದಿ ನನಗೆ ನಗು ಬಂತು. ಲಿಫ್ಟಿನ ಎದುರು ನಿಂತು ಒಬ್ಬಳೇ ನಕ್ಕೆ, ನಗುತ್ತಿದ್ದಂತೆಯೇ ಅಳು ಬಂತು, ಅಳು ಮುಗಿಯುವ ಹೊತ್ತಿಗೆ ಸಿಟ್ಟು. ಅವರ ಜೊತೆ ಅರ್ಧ ದಿನ ಕೂತವರು ಆ ಪದ ಬರೆಯುತ್ತಿರಲಿಲ್ಲ. ಆ ಮನುಷ್ಯ ಮೂರನೇ ಮಹಡಿಯಲ್ಲಿ ಮಾತಾಡಿದರೆ ಕೆಳಗೆ ಗೇಟಿನ ಹತ್ತಿರ ಚಹಾ ಮಾರುವವನಿಗೆ ಕೇಳುತ್ತಿತ್ತು. ಯಾರೋ ಹಳೆಯ ಯಾವುದೋ ಸಂತಾಪದ ಕಾಗದದಲ್ಲಿ ಹೆಸರು ಮಾತ್ರ ಬದಲಾಯಿಸಿ ತಂದು ಅಂಟಿಸಿದ್ದರು, ಅಷ್ಟೇ.

ಹಾಗಾಗಿ ನನಗೆ ಗೊತ್ತಿದ್ದಷ್ಟನ್ನು ನಾನೇ ಬರೆದಿಡೋಣ ಅನ್ನಿಸಿತು. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಅಚ್ಚಾದರೆ ಅಕ್ಷರ ಸರಿಯಾಗಿದೆಯೇ ಎಂದು ಮೂರು ಸಲ ನೋಡಿ, ಆಮೇಲೆ ತಪ್ಪು ಹುಡುಕಿ ಜಗಳ ತೆಗೆಯುತ್ತಿದ್ದವರು. ಆ ಜಗಳ ಆಡಲು ಈಗ ಅವರಿಲ್ಲ.

ನಾನು ತುಮಕೂರಿನವಳು. ಗಂಡನಿಗೆ ರೈಲ್ವೆಯಲ್ಲಿ ವಡೋದರಕ್ಕೆ ವರ್ಗವಾದಾಗ ನಾನೂ ನಮ್ಮ ವಿಮಾ ಕಂಪನಿಯಲ್ಲಿ ಕೇಳಿಕೊಂಡು ಇಲ್ಲಿಗೆ ಬಂದೆ. ನನ್ನನ್ನು ಕೂರಿಸಿದ್ದು ನೆಟ್‌ವರ್ಕ್ ವಿಭಾಗದಲ್ಲಿ. ಅಹಮದಾಬಾದ್, ಸೂರತ್, ಇಲ್ಲೇ ಪಕ್ಕದ ಕೊಯಾಲಿ, ಎಲ್ಲಾ ಕಡೆಯ ಶಾಖೆಗಳ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಿಕೊಳ್ಳುವಂತೆ ನೋಡಿಕೊಳ್ಳುವ ಕೋಣೆ ಅದು. ಒಳಗೆ ಕಾಲಿಟ್ಟಾಗ ಒಬ್ಬರು ಕಣ್ಣು ಮುಚ್ಚಿಕೊಂಡು, ಫೋನಿನ ರಿಸೀವರನ್ನು ಭುಜ ಮತ್ತು ಕಿವಿಯ ನಡುವೆ ಸಿಕ್ಕಿಸಿಕೊಂಡು, ಗುಜರಾತಿಯಲ್ಲಿ ಯಾರನ್ನೋ ಗದರಿಸುತ್ತಿದ್ದರು. ಫೋನಿನ ಮೇಲೆ ಕೈ ಮುಚ್ಚಿ ನನ್ನತ್ತ ತಿರುಗಿ, "ಕನ್ನಡದವರ ಹೌದಲ್ಲೋ? ಕುಂಡ್ರಿ" ಅಂದರು. ನನ್ನ ಮುಖದಲ್ಲಿ ಅದು ಎಲ್ಲಿ ಬರೆದಿತ್ತೋ ಗೊತ್ತಿಲ್ಲ. ನಾನು "ಹೌದು ಸರ್" ಅಂದ ತಕ್ಷಣ, "ಮೈಸೂರ್ ಕಡ್ಯಾವ್ರು. ಇರ್ಲಿ, ಅಡ್ಜಸ್ಟ್ ಮಾಡ್ಕೋತೇವಿ" ಎಂದು ಮತ್ತೆ ಫೋನಿಗೆ ಹೋದರು. ತುಮಕೂರು ಎಂದು ಎಷ್ಟು ಸಲ ಹೇಳಿದರೂ ಅವರಿಗೆ ದಾವಣಗೆರೆಯಿಂದ ಕೆಳಗಿನದೆಲ್ಲಾ ಮೈಸೂರೇ.

ಅವರು ಧಾರವಾಡದ ಹತ್ತಿರದ ಒಂದು ಸಣ್ಣ ಊರಿನವರು. ಓದು ಮುಗಿದ ಕೂಡಲೇ ಕೆಲಸ ಸಿಕ್ಕಿ ಗುಜರಾತಿಗೆ ಬಂದು, ವರ್ಗ ಕೇಳದೆ, ಕೊಟ್ಟರೂ ತೆಗೆದುಕೊಳ್ಳದೆ ಇಲ್ಲೇ ಉಳಿದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ಸೂರತ್‌ನಲ್ಲಿ ಸೀರೆಗಳಿಗೆ ವಿನ್ಯಾಸ ಮಾಡುವ ಒಂದು ಕಂಪನಿಯಲ್ಲಿ ಕೆಲಸ, ಅದೇ ಊರಿನ ಅಡಾಜಣ್‌ನಲ್ಲಿ ಮನೆ. ಮಗಳು ಓದಿದ್ದೆಲ್ಲಾ ಇಲ್ಲೇ. ಗುಜರಾತಿ, ಹಿಂದಿ, ಇಂಗ್ಲಿಷು ಬರೆಯಬಲ್ಲಳು. ಕನ್ನಡ ಮಾತ್ರ ಅಪ್ಪನ ಬಾಯಿಂದ ಕಿವಿಗೆ ಬಿದ್ದದ್ದು, ಒಂದಕ್ಷರ ಓದಲು ಬಾರದು. "ಕಲಸ್ಬೇಕಿತ್ತು ಸರ್" ಎಂದು ನಾನು ಒಮ್ಮೆ ಅಂದಿದ್ದೆ. "ನಾ ಮಾತಾಡ್ತೇನಲ್ಲವಾ, ಓದೂದು ಯಾಕ ಬೇಕು?" ಅಂದರು. ತಮ್ಮ ದನಿಯ ಮೇಲೆ ಅವರಿಗೆ ಅಷ್ಟು ಭರವಸೆ, ಸ್ವಲ್ಪ ಜಂಬವೂ ಇತ್ತು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಮೈಕು ಕೊಟ್ಟರೆ ಪಕ್ಕಕ್ಕಿಟ್ಟು ಮಾತಾಡುತ್ತಿದ್ದರು.

ನಮ್ಮ ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಅವರ ಬಗ್ಗೆ ಹೇಳಲಾಗುವುದಿಲ್ಲ. ಮನೆಯಲ್ಲೋ ಪರವೂರಿನಲ್ಲೋ ಕೂತ ಉದ್ಯೋಗಿಯ ಲ್ಯಾಪ್‌ಟಾಪು ಕಚೇರಿಯ ಒಳಗಿನ ಕಂಪ್ಯೂಟರುಗಳನ್ನು ಮುಟ್ಟಬೇಕಾದರೆ ಊರೆಲ್ಲಾ ಓಡಾಡುವ ಇಂಟರ್‌ನೆಟ್ಟಿನ ನಡುವೆಯೇ ಬೇರೆಯವರಿಗೆ ಕಾಣದ ಒಂದು ದಾರಿ ಮಾಡಿಕೊಡುತ್ತೇವೆ. ಅದಕ್ಕೆ ವಿಪಿಎನ್ ಎಂದು ಹೆಸರು, ನಮ್ಮ ಬಾಯಲ್ಲಿ ಬರೀ ಸುರಂಗ. ಸುರಂಗ ಕೂಡಿಕೊಂಡಿದೆ ಎಂದು ಪರದೆಯ ಮೇಲೆ ಹಸಿರು ಗುರುತು ಬಂದರೂ ಕೆಲಸ ಆಗದೇ ಇರಬಹುದು. ನಮ್ಮ ಕೋಣೆಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಅವೇ. ಹಸಿರು ಇದೆ, ಆದರೆ ಏನೂ ತೆರೆಯುತ್ತಿಲ್ಲ.

ಅಂಥ ಫೋನು ಬಂದರೆ ಅವರು ಕಣ್ಣು ಮುಚ್ಚುತ್ತಿದ್ದರು. ತೋರುಬೆರಳಿನಿಂದ ಮೇಜಿನ ಮೇಲೆ ಎಡದಿಂದ ಬಲಕ್ಕೆ ಒಂದು ಗೀಟು ಎಳೆಯುವರು, ತಡೆದು, ಬಲದಿಂದ ಎಡಕ್ಕೆ ಇನ್ನೊಂದು. ಮೊದಲ ಗೀಟು ಹೋಗುವ ದಾರಿ, ಎರಡನೆಯದು ಬರುವ ದಾರಿ. ನನಗೆ ಕಲಿಸಿದ್ದೂ ಹಾಗೆಯೇ. "ಎಲ್ಲಾರೂ ಹೋಗೂ ದಾರಿ ಅಷ್ಟ ನೋಡ್ತಾರ. ಹೋದದ್ದು ಮುಟ್ಟಿರ್ತೈತಿ. ಮುಟ್ಟಿದವ ಉತ್ತರ ಕೊಟ್ಟಿರ್ತಾನ. ಆದ್ರ ಆ ಉತ್ತರಕ್ಕ ನಿನ್ನ ಮನಿ ಎಲ್ಲೈತಿ ಅಂತ ಗೊತ್ತಿರಂಗಿಲ್ಲ. ಅದಕ್ಕ ಮೊದ್ಲ ಕೇಳೂದು, ವಾಪಸ್ ಬಂತೇನು?" ಆ ಪ್ರಶ್ನೆಯನ್ನು ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದರೋ. ಕಚೇರಿಯಲ್ಲಿ ಚಹಾ ತರಲು ಹೋದವನಿಗೂ ಅದೇ.

ಅಹಮದಾಬಾದಿನ ನವರಂಗಪುರ ಶಾಖೆಯ ಮ್ಯಾನೇಜರ್ ಒಬ್ಬರು ಮನೆಯಿಂದ ಫೋನು ಮಾಡಿ, ಎಲ್ಲಾ ತೆರೆಯುತ್ತದೆ, ಒಂದು ಸರ್ವರ್ ಮಾತ್ರ ತೆರೆಯುವುದಿಲ್ಲ ಎಂದು ಬೊಬ್ಬೆ ಹಾಕುತ್ತಿದ್ದರು. ನಾನು ಬೆಳಗ್ಗಿನಿಂದ ತಲೆ ಕೆರೆದುಕೊಂಡಿದ್ದೆ. ಇವರು ಫೋನು ಕಿತ್ತುಕೊಂಡು ಒಂದೇ ಪ್ರಶ್ನೆ ಕೇಳಿದರು, ಮನೆಯ ವೈ-ಫೈ ಕೊಟ್ಟ ನಂಬರು ಎಷ್ಟು? ಮನೆಯ ವೈ-ಫೈಯೂ ನಮ್ಮ ಕಚೇರಿಯೂ ಒಂದೇ ಸಾಲಿನ ನಂಬರುಗಳನ್ನು ಇಟ್ಟುಕೊಂಡಿದ್ದವು. "ನಿಮ್ಮ ಸೊಸೈಟಿಯೊಳಗ ಬಿ-ಹನ್ನೆರಡು ನಂಬರ್ ಮನಿ ಐತಿಲ್ಲ, ನಮ್ಮ ಸೊಸೈಟಿಯೊಳಗೂ ಬಿ-ಹನ್ನೆರಡು ಐತಿ. ಪಾರ್ಸೆಲ್ ಕೊಟ್ರ ಹುಡುಗ ನಿಮ್ಮ ಬಿ-ಹನ್ನೆರಡಕ್ಕ ಹೋಗ್ತಾನ, ಗೇಟ್ ದಾಟಿ ಹೊರಗ ಯಾಕ ಹೋದಾನು?" ಇದನ್ನು ಗುಜರಾತಿಯಲ್ಲಿ ಅವರಿಗೆ ಹೇಳಿ, ಕನ್ನಡದಲ್ಲಿ ನನಗೆ ಹೇಳಿ, ಹಿಂದಿಯಲ್ಲಿ ಬಾಗಿಲಲ್ಲಿ ನಿಂತ ಕಾವಲುಗಾರನಿಗೂ ಹೇಳಿದರು. ಗೆದ್ದ ಖುಷಿ ಅವರಿಗೆ ಮೂರು ಭಾಷೆಯಲ್ಲೂ ಬೇಕಿತ್ತು.

ಆದರೆ ಅವರನ್ನು ನೆನೆದರೆ ನನಗೆ ಮೊದಲು ಬರುವುದು ಆ ಜಾಣತನವಲ್ಲ. ಫೋನು ಮಾಡಿದವರಿಗೆ ಕೇಬಲ್ ನೋಡಿ ಬನ್ನಿ, ಮೋಡೆಮ್ ಆರಿಸಿ ಹಚ್ಚಿ ಎಂದು ಹೇಳಿದ ಮೇಲೆ ಬೇರೆಯವರೆಲ್ಲಾ "ಆಮೇಲೆ ಮಾಡಿ" ಎಂದು ಇಟ್ಟುಬಿಡುತ್ತೇವೆ. ಅವರು ಇಡುತ್ತಿರಲಿಲ್ಲ. ಶಾಖೆಗಳಲ್ಲಿದ್ದ ನಾಲ್ಕಾರು ಕನ್ನಡದವರಿಗೆ, "ಸಾವಕಾಶ ನೋಡ್ರಿ, ನಾ ಲೈನ್‌ನ್ಯಾಗ ಇರ್ತೇನಿ" ಅನ್ನುವರು. ಗುಜರಾತಿಯವರಿಗಾದರೆ, "ಶಾಂತಿ ಥಿ ಜುವೊ, ಹೂಂ ಲೈನ್ ಪರ್ ಛೂಂ." ಆ ಕಡೆಯವರು ಎದ್ದು ಹೋಗಿ, ಬಾಗಿ, ಧೂಳಿನಲ್ಲಿ ಕೈ ಹಾಕಿ ಬರುವ ತನಕ ಇವರು ರಿಸೀವರ್ ಸಿಕ್ಕಿಸಿಕೊಂಡು ಕೂತಿರುವರು. ಗುನುಗುವರು, ಶೇಂಗಾ ತಿನ್ನುವರು, ನನ್ನ ಕೆಲಸದಲ್ಲಿ ತಪ್ಪು ಹುಡುಕುವರು. ಎಲ್ಲಾ ಸರಿಯಾದ ಮೇಲೂ, "ಮೊದ್ಲ ನೀವು ಇಡ್ರಿ" ಅನ್ನುವರು. ಒಮ್ಮೆ ಕೊಯಾಲಿ ಶಾಖೆಯ ಹೊಸ ಗುಮಾಸ್ತೆ ಫೋನನ್ನು ಮೇಜಿನ ಮೇಲಿಟ್ಟು ಮರೆತು ಊಟಕ್ಕೆ ಹೋಗಿಬಿಟ್ಟಳು. ಬಂದು ಕಿವಿಗಿಟ್ಟರೆ ಇವರು, "ಊಟ ಆತೇನ್ರಿ?" ಅಂದರಂತೆ. ಅವಳು ಅದನ್ನು ಹೇಳಿಕೊಂಡು ನಗುತ್ತಿದ್ದಳು. ಈಚೆಗೆ ನಗುತ್ತಿಲ್ಲ.

"ಯಾಕೆ ಸರ್ ಸುಮ್ಮನೆ ಹಿಡ್ಕೊಂಡು ಕೂರ್ತೀರಿ? ಅವರೇ ಮತ್ತೆ ಮಾಡ್ತಾರೆ" ಎಂದು ಕೇಳಿದ್ದೆ. "ಮಂಚದ ಕೆಳಗ ಹೊಕ್ಕು ವೈರ್ ಹುಡುಕೂ ಮನಷ್ಯಾಗ ಆ ಕಡೆ ಒಬ್ಬಾವ ಅದಾನ ಅನ್ನೂದು ಗೊತ್ತಿರ್ಬೇಕವಾ" ಅಂದರು. ತಮಾಷೆ ಮಾಡಿ ಹೇಳಿದ್ದಲ್ಲ. ಹೇಳಿ ಮತ್ತೆ ಶೇಂಗಾ ಬಿಡಿಸಿದರು.

ಮೊದಲು ದನಿ ಒಡೆಯಿತು. ಥಂಡಿ ಅಂದರು, ಎಸಿ ಅಂದರು, ಇಲ್ಲಿಯ ಬೇಳೆಸಾರಿಗೆ ಬೆಲ್ಲ ಹಾಕುತ್ತಾರೆ ಅದಕ್ಕೇ ಅಂದರು. ಮೆಣಸಿನ ಕಷಾಯ ತಂದುಕೊಟ್ಟೆ. ಮಗಳು ಸೂರತ್‌ನಿಂದ ಬಂದು ಕೈ ಹಿಡಿದು ಎಳೆದುಕೊಂಡು ಹೋಗಿ ಅಹಮದಾಬಾದಿನಲ್ಲಿ ತೋರಿಸುವ ಹೊತ್ತಿಗೆ ಗಂಟಲಿನ ಒಳಗಿನ ಗಡ್ಡೆ ಬಲಿತಿತ್ತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನನಗೆ ಫೋನು ಮಾಡಿ, ಗೊಗ್ಗರು ದನಿಯಲ್ಲಿ, ಯಾವ ಶಾಖೆಯ ಯಾವ ಯಂತ್ರ ಯಾವಾಗ ಕೈಕೊಡುತ್ತದೆ ಎಂದೆಲ್ಲಾ ಹೇಳಿದರು. ಆಮೇಲೆ ಎಂದಿನ ಹಾಗೆ, "ಮೊದ್ಲ ನೀ ಇಡವಾ." ಆ ದಿನ ಇಡುವುದಕ್ಕೆ ನನ್ನ ಕೈಲಾಗಲಿಲ್ಲ. "ಇಡ, ಇಡ, ಚಾರ್ಜ್ ಮುಗ್ಯಾಕತ್ತೈತಿ" ಎಂದು ಅವರೇ ನಕ್ಕರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಚಾರ್ಜಿನದು.

ಆಮೇಲಿನ ದಿನಗಳಲ್ಲಿ ನೋಡಲು ಹೋದೆ. ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಕುತ್ತಿಗೆಯ ಬುಡದಲ್ಲಿ ಉಸಿರಾಟಕ್ಕೆ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಮನುಷ್ಯ ಅಷ್ಟೇ ದಪ್ಪ, ಅಷ್ಟೇ ಸಿಡುಕು, ಆದರೆ ಕೋಣೆಯಲ್ಲಿ ಸದ್ದೇ ಇಲ್ಲ. ಮಗಳ ಜೊತೆ ಫೋನಿನಲ್ಲಿ ಟೈಪ್ ಮಾಡಿ ಮಾತಾಡುತ್ತಿದ್ದರು. ಕನ್ನಡದಲ್ಲಿ ಬರೆದರೆ ಅವಳಿಗೆ ಓದಲು ಬಾರದು. ಗುಜರಾತಿ, ಹಿಂದಿ ಲಿಪಿ ಇವರಿಗೆ ಓದಲು ಬರುತ್ತಿತ್ತು, ಬರೆಯಲು ಕೈ ಓಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ಕನ್ನಡಕ್ಕೇ ಅವಮಾನ ಅನ್ನುವವರು. ಉಳಿದದ್ದು ಇಂಗ್ಲಿಷು, ಅದೂ ಜೀವಮಾನವಿಡೀ ಕಚೇರಿಯ ಪತ್ರಗಳಲ್ಲಿ ಬರೆದ ಇಂಗ್ಲಿಷು. ಫ್ಯಾನು ಆರಿಸು ಅನ್ನುವುದಕ್ಕೆ "ಕೈಂಡ್ಲಿ ಸ್ವಿಚ್ ಆಫ್ ದಿ ಫ್ಯಾನ್." ಊಟ ಮಾಡು ಅನ್ನುವುದಕ್ಕೆ "ಯು ಆರ್ ರಿಕ್ವೆಸ್ಟೆಡ್ ಟು ಟೇಕ್ ಲಂಚ್." ಮಗಳು ಮೊದಮೊದಲು ಬಿದ್ದು ಬಿದ್ದು ನಕ್ಕಳಂತೆ. ನಾನು ಹೋದ ದಿನ ಮೆಟ್ಟಿಲವರೆಗೆ ಬಿಡಲು ಬಂದವಳು ನನ್ನ ತೋಳು ಹಿಡಿದುಕೊಂಡು ಅತ್ತುಬಿಟ್ಟಳು. "ಆಂಟಿ, ಪಪ್ಪಾ ಹಿಂಗ ಮಾತಾಡಂಗಿಲ್ಲ. ಇವ್ರು ಯಾರೋ ಬ್ಯಾರೆ ಆಗ್ಯಾರ. ನನಗ 'ಏ ಹುಚ್ಚಿ' ಅನ್ನವ್ರು ಬೇಕು." ಕನ್ನಡ ಯಾಕೆ ಕಲಿಯಲಿಲ್ಲ ಎಂದು ಅವಳನ್ನು ಆ ಹೊತ್ತಿನಲ್ಲಿ ಕೇಳುವವರು ಕಟುಕರೇ ಇರಬೇಕು.

ಅವಳೇ ಎಲ್ಲೋ ಓದಿ ಒಂದು ದಾರಿ ಹುಡುಕಿದಳು. ಒಬ್ಬರ ದನಿಯ ರೆಕಾರ್ಡಿಂಗು ತಾಸುಗಟ್ಟಲೆ ಕೊಟ್ಟರೆ ಕಂಪ್ಯೂಟರು ಅದೇ ದನಿ ಕಲಿತು, ಟೈಪ್ ಮಾಡಿದ್ದನ್ನು ಅದೇ ದನಿಯಲ್ಲಿ ಹೇಳುತ್ತದಂತೆ. ಗದ್ದಲವಿಲ್ಲದ, ಅವರೊಬ್ಬರೇ ಮಾತಾಡಿದ ರೆಕಾರ್ಡಿಂಗ್ ಬೇಕು. ಮನೆಯಲ್ಲಿದ್ದ ವಿಡಿಯೋಗಳಲ್ಲಿ ಮದುವೆಯ ಬ್ಯಾಂಡು, ಗರ್ಬಾದ ಡೋಲು, ನಡುವೆ ಎಲ್ಲೋ ಇವರ ಕೂಗು. ಆಗ ನನಗೆ ನೆನಪಾಯಿತು. ನಮ್ಮ ಕೋಣೆಗೆ ಬರುವ ಕರೆಗಳೆಲ್ಲಾ ರೆಕಾರ್ಡ್ ಆಗುತ್ತವೆ, ಮಾತಾಡಿದ ಇಬ್ಬರ ದನಿಯೂ ಬೇರೆ ಬೇರೆಯಾಗಿ ಒಂದು ಸರ್ವರಿನಲ್ಲಿ ಕೂತಿರುತ್ತವೆ. ಅವರ ದನಿ ಅಲ್ಲಿ ಬೇಕಾದಷ್ಟಿದೆ.

ಆದರೆ ಅದನ್ನು ಕಾಪಿ ಮಾಡಿ ಯಾರಿಗೂ ಕೊಡುವಂತಿಲ್ಲ. ಆ ನಿಯಮಕ್ಕಾಗಿ ಹಟ ಹಿಡಿದವರು ಇವರೇ. ಕರೆ ಮಾಡಿದವರ ಮಾತು ಹೊರಗೆ ಹೋಗಬಾರದು ಎಂದು ಹಿಂದೊಮ್ಮೆ ದೊಡ್ಡ ಸಾಹೇಬರ ಜೊತೆಯೇ ಜಗಳ ಆಡಿದ್ದರು. ನಾನು ಅದೇ ಸಾಹೇಬರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಅವಾಜ್ ತೊ ಎಮ್ನೋ ಜ ಛೇ ನೆ, ಬೆನ್" ಅಂದರು. ದನಿ ಅವರದೇ ತಾನೆ, ಎಂದು. ಒಪ್ಪಿಗೆ ಕೊಟ್ಟರು, ಎರಡು ಷರತ್ತಿನ ಮೇಲೆ. ಅವರ ಕಡೆಯ ದನಿ ಮಾತ್ರ, ಕರೆ ಮಾಡಿದವರದು ಬೇಡ. ಮತ್ತು ತೆಗೆದುಕೊಳ್ಳುವುದು ಅವರೇ, ಅವರ ಲಾಗಿನ್‌ನಿಂದ, ಅವರ ಲ್ಯಾಪ್‌ಟಾಪಿನಿಂದ. ಅವರಿನ್ನೂ ರಜೆಯ ಮೇಲಿರುವ ಅಧಿಕಾರಿ, ಹಕ್ಕಿದೆ. ಆದರೆ ತಿಂಗಳ ಕೊನೆಗೆ ನಿವೃತ್ತಿ. ನಿವೃತ್ತಿಯ ಸಂಜೆ ಲಾಗಿನ್ ಮುಚ್ಚಲೇಬೇಕು. ಅಷ್ಟರೊಳಗೆ ಅಹಮದಾಬಾದಿನ ಆ ಕೋಣೆಯಿಂದ ವಡೋದರದ ಆ ಸರ್ವರಿಗೆ ದಾರಿ ಆಗಬೇಕು, ಇಲ್ಲದಿದ್ದರೆ ದನಿ ಒಳಗೇ ಉಳಿಯುತ್ತದೆ.

ಒಂದು ಬೆಳಗ್ಗೆ ಶುರು ಮಾಡಿದೆವು. ನಾನು ಇಲ್ಲಿ, ಅವರ ಕುರ್ಚಿಯಲ್ಲಿ, ಅವರ ಫೋನು ಹಿಡಿದು. ಅಲ್ಲಿ ಮಗಳು ಮೊಬೈಲನ್ನು ಸ್ಪೀಕರಿಗೆ ಹಾಕಿ ಹಾಸಿಗೆಯ ಮೇಲಿಟ್ಟು, ಲ್ಯಾಪ್‌ಟಾಪು ಅಪ್ಪನ ತೊಡೆಯ ಮೇಲಿಟ್ಟಿದ್ದಳು. ಅವರು ಹೌದು ಎಂದರೆ ಲ್ಯಾಪ್‌ಟಾಪಿನ ಅಂಚಿಗೆ ಒಂದು ಸಲ ಉಗುರಿನಿಂದ ಕುಟ್ಟುವುದು, ಇಲ್ಲ ಎಂದರೆ ಎರಡು ಸಲ. ಉಳಿದದ್ದನ್ನು ಟೈಪ್ ಮಾಡಿದರೆ ಅವಳು ಓದಿ ಹೇಳುವುದು.

ಸುರಂಗ ಕೂಡಿಕೊಂಡಿತು. ಹಸಿರು ಬಂತು. ಅವರ ಮೇಲ್ ತೆರೆಯಿತು, ಹಳೆಯ ಕಡತಗಳು ತೆರೆದವು. ರೆಕಾರ್ಡಿಂಗ್ ಸರ್ವರ್ ಮಾತ್ರ ಇಲ್ಲ. ಮೊದಲು ನನಗೆ ಹೊಳೆದದ್ದು ಬಿ-ಹನ್ನೆರಡು. ಕೋಣೆಯ ವೈ-ಫೈ ನಂಬರು ಕೇಳಿದೆ. ಅದು ಬೇರೆಯೇ ಇತ್ತು. ಲ್ಯಾಪ್‌ಟಾಪಿಗೆ ಆ ಸರ್ವರ್ ಇರುವ ದಿಕ್ಕೇ ಗೊತ್ತಿಲ್ಲವೇನೋ ಎಂದು ದಾರಿಗಳ ಪಟ್ಟಿಯನ್ನು ಓದಿಸಿದೆ. ನಿಜ, ಗೊತ್ತಿರಲಿಲ್ಲ. ಒಂದು ಸಾಲು ಸೇರಿಸಲು ಹೇಳಿದೆ. ನಾನು ಹೇಳಿ ಮುಗಿಸುವ ಮೊದಲೇ ಅವರು ಸೇರಿಸಿದ್ದರು. ಒಂದು ಸಲ ಕುಟ್ಟಿದ ಸದ್ದು ಬಂತು. ಆದರೂ ತೆರೆಯಲಿಲ್ಲ. ಮಗಳು, "ಆಗವಲ್ದು ಆಂಟಿ" ಅಂದಳು. ನಿವೃತ್ತಿಗೆ ಹೆಚ್ಚು ದಿನ ಇರಲಿಲ್ಲ, ನಡುವೆ ಅವರಿಗೆ ರೇಡಿಯೇಷನ್ ಬೇರೆ.

ನಾನು ಒಂದಾದ ಮೇಲೊಂದು ಏನೇನೋ ಊಹಿಸತೊಡಗಿದೆ. ಫೈರ್‌ವಾಲ್ ಇರಬಹುದೇ ಸರ್, ಲಾಗಿನ್ ಹಕ್ಕು ಇರಬಹುದೇ ಸರ್. ಪ್ರತಿಯೊಂದಕ್ಕೂ ಎರಡು ಸಲ ಕುಟ್ಟು. ಮೂರನೆಯದಕ್ಕೆ ಜೋರಾಗಿ ಕುಟ್ಟಿದರು. ಅವರ ಸಿಟ್ಟಿನ ಗುರುತು ಸಿಕ್ಕಿ ನನಗೆ ಎಷ್ಟು ಸಮಾಧಾನವಾಯಿತೋ! ಮಗಳು ಓದಿದಳು, "ಕೈಂಡ್ಲಿ ಡು ನಾಟ್ ಗೆಸ್." ಆಮೇಲೆ ಅಂದಳು, "ಆಂಟಿ, ಪಪ್ಪಾ ಟೈಪ್ ಮಾಡೂದು ಬಿಟ್ರು. ಬೆಡ್‌ಶೀಟ್ ಮ್ಯಾಲ ಬೆರಳಿಂದ ಏನೋ ಲೈನ್ ಎಳ್ಯಾಕತ್ತಾರ. ಈ ಕಡಿಂದ ಆ ಕಡೆ, ಮತ್ತ ಆ ಕಡಿಂದ ಈ ಕಡೆ. ಎರಡನೇದು ಮತ್ತ ಮತ್ತ ಎಳ್ಯಾಕತ್ತಾರ. ನನಗ ತಿಳೀವಲ್ದು."

ನನಗೆ ತಿಳಿಯಿತು. ನಾನು ನಮ್ಮ ಕಡೆಯಿಂದ ನೋಡಿದೆ. ಅವರ ಲ್ಯಾಪ್‌ಟಾಪಿನಿಂದ ಹೊರಟ ಕೇಳಿಕೆ ಸುರಂಗ ದಾಟಿ, ನಮ್ಮ ಕೋಣೆ ದಾಟಿ, ಆ ಸರ್ವರನ್ನು ಮುಟ್ಟುತ್ತಿತ್ತು. ಸರ್ವರ್ ಪ್ರತಿ ಸಲವೂ ಉತ್ತರ ಕೊಡುತ್ತಿತ್ತು. ಆದರೆ ಸುರಂಗದ ಮೂಲಕ ಬಂದವರಿಗೆ ಉತ್ತರ ಯಾವ ದಾರಿಯಲ್ಲಿ ಕಳಿಸಬೇಕು ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಉತ್ತರಗಳೆಲ್ಲಾ ಬೇರೆಲ್ಲೋ ಹೋಗಿ ಬೀಳುತ್ತಿದ್ದವು. ಅವರ ದನಿ ಇದ್ದ ಪೆಟ್ಟಿಗೆ ಅವರಿಗೆ ಓಗೊಡುತ್ತಲೇ ಇತ್ತು, ಅವರಿಗೆ ಕೇಳುತ್ತಿರಲಿಲ್ಲ. ಇದನ್ನು ನಾನು ಫೋನಿನಲ್ಲಿ ಹೇಳುತ್ತಿದ್ದಂತೆ ಮಗಳು ಕಿರುಚಿದಳು. "ಪಪ್ಪಾ! ಏನಾತು? ಆಂಟಿ, ಪಪ್ಪಾಗ ಉಸಿರು ಹತ್ತವಲ್ದು, ಮೈ ಎಲ್ಲಾ ಅಲ್ಲಾಡ್ಲಿಕತ್ತೈತಿ!" ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಆಮೇಲೆ ಅವಳೇ, "ಇಲ್ಲ... ಇಲ್ಲ ಆಂಟಿ, ನಗಾಕತ್ತಾರ" ಅಂದಳು.

ನಗುವುದಕ್ಕೆ ಕಾರಣವಿತ್ತು. ಆ ದಾರಿ ಇಲ್ಲದಂತೆ ಮಾಡಿದ್ದು ಸ್ವತಃ ಅವರೇ ಎಂದು ಆಮೇಲೆ ನನಗೆ ಬರೆದು ತೋರಿಸಿದರು. ಹೊರಗಿನಿಂದ ಯಾರೂ ಆ ಸರ್ವರ್ ಮುಟ್ಟಬಾರದು ಎಂದಾಗ ಬೇರೆಯವರಾದರೆ ಬಾಗಿಲು ಹಾಕುತ್ತಿದ್ದರು. ಇವರು, "ಬಾಗಿಲಾ ಯಾಕ, ಹೊಳ್ಳಿ ಹೋಗೂ ದಾರಿ ಮರಸಿಬಿಟ್ರ ಆತು" ಎಂದು ಆ ಒಂದು ಸಾಲನ್ನು ಅಳಿಸಿದ್ದರಂತೆ. ಅದನ್ನು ಅವರೂ ಮರೆತಿದ್ದರು. ಈಗ ಬೆರಳಿಗೆ ನೆನಪಾಯಿತು. ಜೀವಮಾನವಿಡೀ ಊರವರಿಗೆಲ್ಲಾ ವಾಪಸ್ ಬಂತೇನು ಎಂದು ಕೇಳಿದ ಮನುಷ್ಯ ತನ್ನ ದನಿಗೇ ವಾಪಸ್ ಬರುವ ದಾರಿ ಇಡದೆ ಬಂದಿದ್ದರು. ನನಗಂತೂ ನಗು ಬರಲಿಲ್ಲ. ಸಾಹೇಬರ ಒಪ್ಪಿಗೆ ಇತ್ತಲ್ಲ, ಆ ಸಾಲನ್ನು ಸೇರಿಸಿದೆ. "ಈಗ ನೋಡಿ ಸರ್. ವಾಪಸ್ ಬಂತಾ?" ಅಂದೆ. ಅವರನ್ನು ಆ ಪ್ರಶ್ನೆ ನಾನು ಕೇಳಿದ್ದು ಅದೊಂದೇ ಸಲ. ಒಂದು ಕುಟ್ಟು ಕೇಳಿಸಿತು. ಹಿಂದೆಯೇ, ಲ್ಯಾಪ್‌ಟಾಪಿನ ಸ್ಪೀಕರಿನಿಂದ, ಆ ಕೋಣೆಯನ್ನೆಲ್ಲಾ ತುಂಬಿಕೊಂಡು, "ಹಲೋ, ಯಾರ್ರೀ? ಹೇಳ್ರಿ, ಏನ್ ಕಾಣಾಕತ್ತೈತಿ?"

ಆ ಕಡೆ ಮಗಳು ಅಳುವುದು ಮಾತ್ರ ಕೇಳುತ್ತಿತ್ತು.

ಫೈಲುಗಳೆಲ್ಲಾ ನಿವೃತ್ತಿಗೆ ಮೊದಲೇ ಇಳಿದವು. ಮಗಳು ಅವನ್ನು ಕಳಿಸಿದಳು, ದನಿ ತಯಾರಾಗಿ ಬಂತು. ಮೊದಲ ಸಲ ಕೇಳಿಸುವಾಗ ನಾನೂ ಇದ್ದೆ. ಅವರು ಟೈಪ್ ಮಾಡಿದರು, ಮೊಬೈಲು ಹೇಳಿತು. ದನಿ ಅವರದೇ, ಅದರಲ್ಲಿ ಸುಳ್ಳಿಲ್ಲ. ಆದರೆ ಮಾತು ವಾರ್ತೆ ಓದುವವರದು. 'ಊಟ ಆತೇನವಾ' ಎಂದು ಬರೆದರೆ ಅಕ್ಷರ ಅಕ್ಷರ ಬಿಡಿಸಿ, ಎಳೆಯಬೇಕಾದಲ್ಲಿ ಎಳೆಯದೆ, ನೆಟ್ಟಗೆ ಹೇಳಿತು. ಅವರು ಹುಬ್ಬು ಗಂಟಿಕ್ಕಿ ಕೇಳಿದರು. ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ ನನ್ನ ಕಡೆ ನೋಡಿ ಕನ್ನಡದಲ್ಲಿ ಟೈಪ್ ಮಾಡಿ ತೋರಿಸಿದರು. "ಇಂವ ಯಾಂವಾ? ನಿಮ್ಮ ಮೈಸೂರಾವ ಇರ್ಬೇಕು." ನಾನು ಓದಿ ಹೇಳಿದಾಗ ಮಗಳು ನಕ್ಕಳು. ಅಷ್ಟು ಓಡಾಟದ ಕೊನೆಗೆ ಅವರು ಆ ದನಿಯನ್ನು ಒಂದು ದಿನವೂ ಬಳಸಲಿಲ್ಲ. ಅವಳು ಬೇಡಿಕೊಂಡರೂ ಇಲ್ಲ. ಬಳಸಬಹುದಿತ್ತು, ಆ ಹುಡುಗಿಗಾಗಿಯಾದರೂ ಬಳಸಬೇಕಿತ್ತು ಎಂದು ನನಗೆ ಈಗಲೂ ಅವರ ಮೇಲೆ ಕೋಪವಿದೆ. ಹಾಗೆ ಒಪ್ಪಿಕೊಂಡಿದ್ದರೆ ಅವರು ಅವರಾಗಿರುತ್ತಿರಲಿಲ್ಲ ಎಂಬುದೂ ಗೊತ್ತಿದೆ.

ಬೀಳ್ಕೊಡುಗೆಗೆ ಕುತ್ತಿಗೆಗೆ ರೇಷ್ಮೆ ವಸ್ತ್ರ ಸುತ್ತಿಕೊಂಡು ಮಗಳ ಜೊತೆ ಬಂದರು. ಶಾಲು, ಹಾರ, ಕಡಲೆಹಿಟ್ಟಿನ ಫಾಫ್ಡಾ, ಜಿಲೇಬಿ. ಎರಡು ಮಾತಾಡಿ ಎಂದು ಯಾರೋ ಅಭ್ಯಾಸಬಲದಿಂದ ಮೈಕು ಮುಂದೆ ಹಿಡಿದುಬಿಟ್ಟರು. ಅವರು ಮೈಕನ್ನು ತೆಗೆದುಕೊಂಡು, ಎಂದಿನಂತೆ ಪಕ್ಕಕ್ಕಿಟ್ಟು, ಕೈಮುಗಿದರು. ಆ ಸಂಜೆ ನಿಯಮದ ಪ್ರಕಾರ ಅವರ ಲಾಗಿನ್ ಮುಚ್ಚಿದ್ದು ನಾನು. ಪಕ್ಕದಲ್ಲೇ ನಿಂತು ಸರಿಯಾಗಿ ಮುಚ್ಚಿದೆನೇ ಎಂದು ನೋಡಿಕೊಂಡು ಹೋದರು.

ಗಡ್ಡೆ ಮತ್ತೆ ಬಂತು, ಈ ಸಲ ನಿಲ್ಲಲಿಲ್ಲ. ಸೂರತ್‌ನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದು ನಾನು ಬೆಳಗಿನ ರೈಲು ಹಿಡಿದು ಹೋಗಿ, ತಾಪಿ ಸೇತುವೆ ದಾಟಿ ಅವಳ ಮನೆ ಮುಟ್ಟುವಾಗ ನೆರೆಯ ಗುಜರಾತಿ ಹೆಂಗಸರು ಅಂಗಳದಲ್ಲಿ ಬಿಳಿ ಸೀರೆ ಉಟ್ಟು ಕೂತಿದ್ದರು. ನನ್ನನ್ನು ಕಂಡು ಅವಳು ಎದ್ದು ಬಂದು, "ಬಂದ್ರಿ ಆಂಟಿ? ಈ ಮನ್ಯಾಗ ಕನ್ನಡ ಮಾತಾಡವ್ರು ಇನ್ನ ಯಾರೂ ಇಲ್ಲ" ಅಂದಳು. ನಾನು ಅವಳನ್ನು ಅಪ್ಪಿಕೊಂಡೆ.

ಮೂರನೆಯ ದಿನ ಹೊರಡುವ ಮುಂಚೆ ಅವಳು ತನ್ನ ಮೊಬೈಲಿನಲ್ಲಿ ಒಂದು ಫೈಲು ಹಾಕಿದಳು. ಕಂಪ್ಯೂಟರ್ ಮಾಡಿದ ದನಿಯಲ್ಲ, ಕಚೇರಿಯಿಂದ ಇಳಿಸಿಕೊಂಡ ಹಳೆಯ ಕರೆ, ಯಾರೋ ಕನ್ನಡದ ಉದ್ಯೋಗಿಯದು. ಅವರ ಕಡೆಯ ದನಿ ಮಾತ್ರ ಇರುವುದರಿಂದ ಕೇಳುವುದಕ್ಕೆ ವಿಚಿತ್ರವಾಗಿತ್ತು. "ಕೇಬಲ್ ತಗದು ಹಾಕ್ರಿ." ಆಮೇಲೆ ಏನೂ ಇಲ್ಲ. "ಹಾಕಿದ್ರ್ಯಾ? ಇನ್ನೊಮ್ಮೆ ನೋಡ್ರಿ." ಮತ್ತೆ ಏನೂ ಇಲ್ಲ. "ಸಾವಕಾಶ ನೋಡ್ರಿ, ನಾ ಲೈನ್‌ನ್ಯಾಗ ಇರ್ತೇನಿ." ಅಲ್ಲಿಂದ ಮುಂದೆ ಎಷ್ಟೋ ಹೊತ್ತು ಬರೀ ಉಸಿರು, ಒಂದಿಷ್ಟು ಗುನುಗು, ಶೇಂಗಾ ಸಿಪ್ಪೆ ಒಡೆಯುವ ಸದ್ದು. "ಇದನ್ನ ಹಚ್ಚಿ ಮಲ್ಕೋತೇನಿ ಆಂಟಿ" ಅಂದಳು. ಮಾತಿಗಿಂತ ಆ ಖಾಲಿ ಜಾಗ ಅವಳಿಗೆ ಬೇಕಾಗಿತ್ತು. ಅಪ್ಪ ಆ ಕಡೆ ಕೂತು ಕಾಯುತ್ತಿರುವ ಹಾಗೆ ಇರುತ್ತದೆ, ಅದಕ್ಕೆ.

ಹೋದ ವಾರ ಊಟದ ಹೊತ್ತು, ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಅವರ ಮೇಜಿನ ಫೋನು ಬಡಿಯಿತು. ಅವಳು. ಅಪ್ಪನ ಹತ್ತಿರವೇ ಉಳಿದುಹೋಗಿದ್ದ ಕಚೇರಿಯ ಲ್ಯಾಪ್‌ಟಾಪು ವಾಪಸ್ ಕೊಡಬೇಕಂತೆ, ಕೊರಿಯರಿನವನು ಬರುವವನಿದ್ದಾನಂತೆ. "ಕೊಡೂಕಿಂತ ಮೊದ್ಲ ಒಮ್ಮೆ ಹಚ್ಚಿ ನೋಡ್ಲಿ ಆಂಟಿ? ಕನೆಕ್ಟ್ ಆಗ್ತೈತೇನು?"

ಆಗುವುದಿಲ್ಲ. ಮುಚ್ಚಿದ್ದು ನಾನೇ. ಅವಳಿಗೂ ಗೊತ್ತಿತ್ತು, ಆ ಸಂಜೆ ಅವಳು ಅಪ್ಪನ ಪಕ್ಕದಲ್ಲೇ ನಿಂತ ಹುಡುಗಿ. ಆದರೂ ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ನೋಡು ಪುಟ್ಟ. ಸಾವಕಾಶ ನೋಡು, ನಾನು ಲೈನ್‌ನಲ್ಲೇ ಇರ್ತೀನಿ" ಅಂದೆ.

ಕೀಲಿಗಳನ್ನು ಒತ್ತುವ ಸದ್ದು ಬಂತು. ಯಾರದೋ ಮನೆಯ ಕುಕ್ಕರ್ ಕೂಗಿತು. ಕೆಳಗೆ ಆಟೋದವನೊಬ್ಬ ಹಾರನ್ ಮಾಡಿಕೊಂಡು ಹೋದ. ನಾನು ರಿಸೀವರನ್ನು ಭುಜ ಮತ್ತು ಕಿವಿಯ ನಡುವೆ ಸಿಕ್ಕಿಸಿಕೊಂಡು ಕೂತಿದ್ದೆ.

"ಹೋತು ಆಂಟಿ" ಅಂದಳು. ಆಮೇಲೆ, ಅಪ್ಪನ ಹಾಗೆಯೇ ಎಳೆದು, "ವಾಪಸ್ ಬರವಲ್ದು."

"ಇಲ್ಲಮ್ಮಾ. ಬರಲ್ಲ."

"ಹಂಗಾರ ಇಡ್ಲಿ?"

"ಇಡು. ಮೊದಲು ನೀನು ಇಡು."

ಅವಳು ಇಡಲಿಲ್ಲ. ನಾನೂ ಇಡಲಿಲ್ಲ.